ಹಿಟ್ಟು ಕಲಸುವ ಬೀಗದ ಕೈ

ಕೆಡವಲಿದ್ದ ಕಟ್ಟಡದ ಇಪ್ಪತ್ತನಾಲ್ಕು ಮನೆಗಳಲ್ಲಿ ಇಪ್ಪತ್ತೆರಡರ ಬೀಗದ ಕೈಗಳು ಕಂಪನಿಯ ಬಟ್ಟೆಚೀಲ ಸೇರಿದ್ದವು. ಇಪ್ಪತ್ತಮೂರನೆಯದು ಎದುರುಮನೆಯ ಫೈನಾಳದು. ಅವಳು ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಟ್ಟು, ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತ ದಿನ ತಳ್ಳುತ್ತಿದ್ದಳು. ಇಪ್ಪತ್ತನಾಲ್ಕನೆಯದು ಖಮೂಸ್ ಬುವಾರೋನನ ಕೋಟಿನ ಒಳಜೇಬಿನಲ್ಲಿತ್ತು. ಅಲ್ಲಿಂದ ಹೊರಗೆ ಬರುವ ಲಕ್ಷಣವೇ ಅದಕ್ಕೆ ಇರಲಿಲ್ಲ.

ಬಾತ್ ಯಾಮ್ ಊರಿನ ಆ ಬೀದಿ ಕಡಲಿಗೆ ತೀರ ಹತ್ತಿರ. ಕಿಟಕಿಯ ಕಂಬಿಗೆ ಬಣ್ಣ ಬಳಿದರೆ ಉಪ್ಪುಗಾಳಿ ಅದನ್ನು ವರ್ಷದೊಳಗೆ ತಿಂದು ಮುಗಿಸುತ್ತಿತ್ತು. ಮೊದಲು ಟ್ರಿಪೋಲಿಯಿಂದ ಹಡಗು ಹತ್ತಿ ಬಂದ ಯಹೂದಿಗಳು ಅಲ್ಲಿ ನೆಲೆಸಿದರು. ಆಮೇಲೆ ಇಸ್ತಾಂಬುಲ್‌ನವರು ಬಂದರು, ಒಡೆಸ್ಸಾದವರು ಬಂದರು, ಗೊಂಡಾರ್‌ನವರು ಬಂದರು. ಬಂದವರೆಲ್ಲ ಅದೇ ಮೆಟ್ಟಿಲು ಹತ್ತಿದರು, ಅದೇ ಕೊಳಾಯಿಯ ಸೋರಿಕೆಗಾಗಿ ಜಗಳವಾಡಿದರು, ಅದೇ ಅಂಗಳದಲ್ಲಿ ಮಕ್ಕಳ ಮದುವೆ ಮಾಡಿದರು. ಈಗ ಮೂರು ಕಡೆಯಲ್ಲೂ ಗಾಜಿನ ಗೋಪುರಗಳು ಎದ್ದು, ಮಧ್ಯಾಹ್ನ ಎರಡು ಗಂಟೆಗೇ ಅಂಗಳಕ್ಕೆ ಸಂಜೆಯಾಗುತ್ತಿತ್ತು.

"ಕಡಲು ಎದುರಿಗೇ ಬಿದ್ದಿದೆ. ಇವರು ಮೂವತ್ತನೇ ಮಹಡೀಲಿ ತೊಟ್ಟಿ ಕಟ್ಟಿಸಿಕೊಂಡು ಅದರಲ್ಲಿ ಈಜ್ತಾರಲ್ರೀ!" ಎಂದು ಖಮೂಸನ ಹೆಂಡತಿ ಗಜಾಲಾ ನಗುತ್ತಿದ್ದಳು.

ಹಳೆಯ ಕಟ್ಟಡವನ್ನು ಕೆಡವಿ ಮೂವತ್ತೊಂದು ಮಹಡಿಯ ಗೋಪುರ ಕಟ್ಟುವುದು, ಹಳೆಯ ಮನೆಯಿದ್ದವರಿಗೆ ಅದರಲ್ಲೇ ಹೊಸ ಮನೆ ಕೊಡುವುದು, ಕಟ್ಟಿ ಮುಗಿಯುವ ನಾಲ್ಕು ವರ್ಷ ಅವರ ಬಾಡಿಗೆಯನ್ನು ಕಂಪನಿಯೇ ಭರಿಸುವುದು ಎಂದು ಒಪ್ಪಂದವಾಗಿತ್ತು. ಅದಕ್ಕೆ ಎಲ್ಲರಿಗಿಂತ ಮೊದಲು ರುಜು ಹಾಕಿದವಳೇ ಗಜಾಲಾ. ಅವಳ ಮಂಡಿಗಳು ಮೂರು ಮಹಡಿಯ ಮೆಟ್ಟಿಲಿನೊಂದಿಗೆ ಹತ್ತು ವರ್ಷದಿಂದ ಯುದ್ಧ ಹೂಡಿದ್ದವು. "ನನಗೆ ಕಡಲೂ ಬೇಡ, ಗಾಜೂ ಬೇಡ. ಒಂದು ಲಿಫ್ಟು ಕೊಟ್ಟರೆ ಸಾಕು" ಎಂದಿದ್ದಳು. ಲಿಫ್ಟು ಬರುವ ತನಕ ಅವಳು ಕಾಯಲಿಲ್ಲ. ಹೋದ ಶರತ್ಕಾಲದಲ್ಲಿ, ಹಬ್ಬ ಮುಗಿದ ಮೂರನೆಯ ದಿನ, ನಾಲ್ಕು ಜನ ಅವಳನ್ನು ಅದೇ ಮೆಟ್ಟಿಲುಗಳ ಮೇಲೆ ಇಳಿಸಿಕೊಂಡು ಹೋದರು.

ಖಮೂಸನ ತಕರಾರು ಶುರುವಾದದ್ದು ಅದಾದ ಮೇಲೆ, ಫೆಬ್ರವರಿಯಲ್ಲಿ. ಕಂಪನಿಯವರು ಮಾದರಿ ಮನೆಯನ್ನು ತೋರಿಸಲು ಎಲ್ಲರನ್ನೂ ಕರೆದೊಯ್ದಿದ್ದರು. ತೋರಿಸಿದವಳು ಶಕೇದ್ ಎಂಬ ಹುಡುಗಿ. ಮೂವತ್ತು ಇನ್ನೂ ತುಂಬಿರಲಿಲ್ಲ. ಒಂದು ಕೈಯಲ್ಲಿ ಕಾಗದಗಳ ಕಟ್ಟು, ಇನ್ನೊಂದು ಕೈಯಲ್ಲಿ ಫೋನು. ಅವಳು ಬಾಗಿಲ ಮೇಲಿನ ಕಪ್ಪು ಬಿಲ್ಲೆಗೆ ಬೆರಳು ಒತ್ತಿದಳು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಎಲ್ಲರೂ ಆಹಾ ಎಂದರು.

ಖಮೂಸ ಒಳಗೆ ಹೋಗಲಿಲ್ಲ. ಬಾಗಿಲನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ನಿಂತ.

"ಬೀಗದ ಕೈ ಎಲ್ಲಿ ಹಾಕೋದು ಮಗಳೇ?"

"ಬೀಗದ ಕೈಯೇ ಇಲ್ಲ ಅಜ್ಜ! ನಿಮ್ಮ ಬೆರಳೇ ಬೀಗದ ಕೈ. ಕಳೆದುಹೋಗೋ ಭಯ ಇಲ್ಲ, ಮರೆಯೋ ಭಯ ಇಲ್ಲ."

"ಅದೆಲ್ಲ ಸರಿ. ಆದರೆ ಬಸೀಸಾ ಯಾವುದರಿಂದ ಕಲಸೋದು?"

ಶಕೇದಳ ಮನೆಯವರು ಪೋಲೆಂಡಿನ ಕಡೆಯವರು. ಬಸೀಸಾ ಎಂದರೇನೆಂದು ಅವಳು ಕೇಳಿರಲಿಲ್ಲ. ಟ್ರಿಪೋಲಿಯವರಿಗೆ ಅದನ್ನು ಹೇಳಿಕೊಡುವ ಅಗತ್ಯವಿರಲಿಲ್ಲ. ನಿಸಾನ್ ತಿಂಗಳು ಹುಟ್ಟುವ ಸಂಜೆ, ಪಾಸ್ಕ ಹಬ್ಬಕ್ಕೆ ಹದಿನೈದು ದಿನ ಮೊದಲು, ಗೋಧಿ, ಬಾರ್ಲಿ, ಕೊತ್ತಂಬರಿ ಬೀಜಗಳನ್ನು ಹುರಿದು ಬೀಸಿದ ಹಿಟ್ಟನ್ನು ಬೋಗುಣಿಗೆ ಹಾಕುತ್ತಾರೆ. ಸಕ್ಕರೆ, ಖರ್ಜೂರ, ಬಾದಾಮಿ ಸೇರಿಸುತ್ತಾರೆ. ಮನೆಯ ಯಜಮಾನ ಮೇಲಿನಿಂದ ಎಣ್ಣೆಯ ಧಾರೆ ಬಿಡುತ್ತಾನೆ, ಯಜಮಾನಿ ಮನೆಯ ಬೀಗದ ಕೈಯಿಂದ ಕಲಸುತ್ತಾಳೆ, ಮಕ್ಕಳು ಮರಿಗಳೆಲ್ಲ ಒಂದೊಂದು ಬೆರಳು ಅದ್ದುತ್ತಾರೆ. ಬೀಗದ ಕೈಯಿಲ್ಲದೆ ತೆರೆಯುವವನೇ ಎಂದು ದೇವರನ್ನು ಕರೆದು, ವರ್ಷವಿಡೀ ಬಾಗಿಲು ತೆರೆದಿರಲಿ, ಇನ್ನೊಬ್ಬರ ಮುಂದೆ ಕೈ ಚಾಚುವಂತಾಗದಿರಲಿ ಎಂದು ಬೇಡುತ್ತಾರೆ.

ಐವತ್ತೊಂದು ವರ್ಷ ಗಜಾಲಾ ಅದೇ ಬೀಗದ ಕೈಯಿಂದ ಕಲಸಿದ್ದಳು. ಬೆರಳುದ್ದದ ಕಬ್ಬಿಣದ ಕೈ. ಆಮೇಲೆ ಅದನ್ನು ತೊಳೆಯುತ್ತಿರಲಿಲ್ಲ, ಸೆರಗಿನಂತೆ ಇಳಿಬಿಟ್ಟ ತಲೆವಸ್ತ್ರದ ತುದಿಯಿಂದ ಒರೆಸುತ್ತಿದ್ದಳು, ಅಷ್ಟೇ. ಆ ಕಟ್ಟಡದಲ್ಲಿ ತುಕ್ಕು ಹಿಡಿಯದ ಕಬ್ಬಿಣ ಅದೊಂದೇ.

ಮಾದರಿ ಮನೆಯಿಂದ ಹೊರಟ ಆ ದಿನವೇ ಖಮೂಸ ತೀರ್ಮಾನ ಹೇಳಿಬಿಟ್ಟ. ಹೊಸ ಮನೆಯ ಬಾಗಿಲಿಗೆ ಬೀಗದ ಕೈ ಹಾಕುವ ತೂತೊಂದನ್ನು ಬಿಡುತ್ತೇವೆಂದು ಕಂಪನಿ ಬರೆದುಕೊಡಲಿ. ಆಮೇಲೆ ಹಳೆಯ ಮನೆಯ ಬೀಗದ ಕೈ ಕೊಡುತ್ತೇನೆ. ಅಲ್ಲಿಯ ತನಕ ಇಲ್ಲ.

ಟ್ರಿಪೋಲಿಯವರ ಪ್ರಾರ್ಥನಾಲಯದ ಗುರುಗಳು ಕೂಡ ಬುದ್ಧಿ ಹೇಳಿ ನೋಡಿದರು. "ಖಮೂಸ್, ಇದು ಶಾಸ್ತ್ರ ಅಲ್ಲಪ್ಪ. ಬರೀ ಪದ್ಧತಿ."

"ಅದೇ ಕಷ್ಟ ಗುರುಗಳೇ" ಎಂದ ಖಮೂಸ. "ಶಾಸ್ತ್ರ ತಪ್ಪಿದರೆ ದೇವರು ಕ್ಷಮಿಸ್ತಾನೆ. ಪದ್ಧತಿ ತಪ್ಪಿದರೆ ಗಜಾಲಾ ಕ್ಷಮಿಸಲ್ಲ."

ಹೀಗೆ ಮಾರ್ಚ್ ಬಂತು. ಉಳಿದವರೆಲ್ಲ ಅಕ್ಕಪಕ್ಕದ ಬೀದಿಗಳಲ್ಲಿ ಬಾಡಿಗೆ ಮನೆ ಹಿಡಿದು ಹೋದರು. ಖಮೂಸನಿಗೂ ಮಗಳು ತಿಕ್ವಾ, ಮಾರುಕಟ್ಟೆಯ ಹಿಂದೆ ಒಂದು ಮನೆ ಗೊತ್ತುಮಾಡಿ, ಮಂಚ ಮೇಜುಗಳನ್ನೆಲ್ಲ ಸಾಗಿಸಿದ್ದಳು. ಹಳೆಯ ಮನೆಯಲ್ಲಿ ಉಳಿದದ್ದು ಒಂದು ಹಾಸಿಗೆ, ಎರಡು ಕುರ್ಚಿ, ಒಂದು ಒಲೆ. ಗುರುವಾರ ಬೆಳಿಗ್ಗೆ ಕೆಡವುವ ಯಂತ್ರ ಬರುವುದೆಂದು ನಿಶ್ಚಯವಾಗಿತ್ತು. ಬುಧವಾರ ಸಂಜೆಗೆ ನಿಸಾನ್ ಹುಟ್ಟುವುದಿತ್ತು.

ಭಾನುವಾರ ರಹಮೀನ್ ಬಂದ. ಮೊದಲು ಕೆಳಮನೆಯಲ್ಲಿದ್ದವನು, ಕಟ್ಟಡದ ಸಮಿತಿಯ ಅಧ್ಯಕ್ಷ, ಮೀನಿನ ವ್ಯಾಪಾರಿ. ಹುಟ್ಟಿದ್ದು ಇಲ್ಲಿಯೇ ಆದರೂ ಟ್ರಿಪೋಲಿಯ ಗಂಟಲು ತಂದೆಯಿಂದ ಬಳುವಳಿಯಾಗಿ ಬಂದಿತ್ತು. ಮೊದಲ ಮಹಡಿಯಿಂದಲೇ ಅವನ ಮಾತು ಶುರುವಾಯಿತು.

"ಏನೋ ಖಮೂಸ್! ಎರಡನೇ ಪಾರ್ಕಿಂಗ್‌ಗೆ ಕಾಯ್ತಿದೀಯಂತೆ? ಒಂದು ಸೈಕಲ್ ಇಲ್ಲ ನಿನ್ನ ಹತ್ತಿರ!"

"ಯಾರು ಹೇಳಿದ್ದು?"

"ಊರೆಲ್ಲ ಹೇಳ್ತಿದೆ. ಕೆಲವರು ಪಾರ್ಕಿಂಗ್ ಅಂತಾರೆ. ಕೆಲವರು ಮೇಲಿನ ಮಹಡಿ ಅಂತಾರೆ. ತೂತಿಗೆ ಅಂದರೆ ಯಾರಪ್ಪ ನಂಬ್ತಾರೆ?"

"ತೂತಿಗೇ."

ರಹಮೀನ್ ಕುರ್ಚಿಯ ಮೇಲೆ ಕುಸಿದು ಕೂತ. ಅವನ ಮೈಯಿಂದ ಮಂಜುಗಡ್ಡೆಯ ಮತ್ತು ಮೀನಿನ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು ಮೆಲ್ಲಗೆ ಹೇಳಿದ:

"ನೋಡಣ್ಣ, ಗುರುವಾರ ಯಂತ್ರ ಬರುತ್ತೆ. ಕಟ್ಟಡ ಖಾಲಿ ಇಲ್ಲ ಅಂದರೆ ಬೇರೆ ಕೆಲಸಕ್ಕೆ ಹೊರಟುಹೋಗುತ್ತೆ. ಮತ್ತೆ ಬರೋದು ಆರು ತಿಂಗಳ ಮೇಲೆ. ನಮ್ಮಮ್ಮನಿಗೆ ತೊಂಬತ್ತೊಂದು. ಹೊಸ ಮನೆಗೆ ಕಾಲಿಟ್ಟು ಹೋಗ್ತೀನಿ ಅಂತ ಹಟ ಹಿಡಿದು ಕೂತಿದಾಳೆ. ನಿನ್ನ ಒಂದು ತೂತಿಗೋಸ್ಕರ ಅವಳು ದೇವರ ಹತ್ತಿರ ಇನ್ನೂ ಆರು ತಿಂಗಳು ಕೇಳಬೇಕಾ?"

ರಹಮೀನನ ತಾಯಿ ಮಲ್ಕಾ ಖಮೂಸನಿಗೂ ಹಿರಿಯಳು. ಟ್ರಿಪೋಲಿಯಿಂದ ಅವನು ಬಂದ ಹಡಗಿನಲ್ಲೇ ಬಂದವಳು. ಅವನು ಎದ್ದು ಪುದೀನದ ಚಹಾ ಕಾಸಿದ. ರಹಮೀನ್ ಕುಡಿದು, ಕೆಳಗೆ ಹೋಗುವಾಗ ಮತ್ತೆ ಗಂಟಲು ತೆರೆದು ಬೈಯುತ್ತ ಹೋದ.

ಎದುರುಮನೆಯ ಬಾಗಿಲು ಸ್ವಲ್ಪವೇ ತೆರೆದು ಫೈನಾ ತಲೆ ಹೊರಹಾಕಿದಳು. ಅಗಲ ಮುಖ, ಗಂಡಸಿನಂಥ ಭುಜ. ಒಡೆಸ್ಸಾ ಬಂದರಿನಲ್ಲಿ ಇಪ್ಪತ್ತೆಂಟು ವರ್ಷ ಕ್ರೇನ್ ನಡೆಸಿದವಳು. ಗೋಪುರ ಕಟ್ಟಲು ಬರುವ ಕ್ರೇನನ್ನು ನೋಡಬೇಕೆಂಬುದೇ ಅವಳ ದೊಡ್ಡ ಆಸೆ.

"ಬೈದ್ರಾ?"

"ಬೈದ."

"ಒಳ್ಳೇದಾಯ್ತು. ನನಗೆ ಆ ಕೆಲಸ ಉಳೀತು."

"ನೀವ್ಯಾಕೆ ಇನ್ನೂ ಹೋಗಿಲ್ಲ ಫೈನಾ? ಪೆಟ್ಟಿಗೆ ಕಟ್ಟಿ ಎರಡು ವಾರ ಆಯ್ತಲ್ಲ."

"ಮೊಮ್ಮಗನ ಕಾರು ಕೆಟ್ಟಿದೆ" ಎಂದು ಅವಳು ಬಾಗಿಲು ಮುಚ್ಚಿಕೊಂಡಳು. ಮೊಮ್ಮಗ ಅದೇ ಕಾರಿನಲ್ಲಿ ನಿನ್ನೆ ಅವಳಿಗೆ ತರಕಾರಿ ತಂದುಕೊಟ್ಟದ್ದನ್ನು ಖಮೂಸ ಕಿಟಕಿಯಿಂದ ನೋಡಿದ್ದ. ಮೆಟ್ಟಿಲ ದೀಪ ಕಿತ್ತುಹಾಕಿದ್ದ, ಇಪ್ಪತ್ತೆರಡು ಮನೆ ಬರಿದಾಗಿದ್ದ ಕಟ್ಟಡದಲ್ಲಿ ಒಬ್ಬ ಮುದುಕನನ್ನು ಬಿಟ್ಟುಹೋಗಲು ಅವಳಿಗೆ ಮನಸ್ಸಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಜಾತಿಯವಳೂ ಅವಳಲ್ಲ.

ಸೋಮವಾರ ಶಕೇದ್ ಬಂದಳು. ಮೂರು ಮಹಡಿ ಹತ್ತಿ ಅವಳ ಮುಖ ಕೆಂಪಾಗಿತ್ತು.

"ಅಜ್ಜ, ಮನೆ ನಕ್ಷೆ ಮಾಡಿದೋರಿಗೆ ಮೂರು ಸಲ ಫೋನ್ ಮಾಡಿದೆ. ಅಷ್ಟೂ ಬಾಗಿಲು ಒಂದೇ ಥರ ಇರ್ಬೇಕಂತೆ. ಒಂದಕ್ಕೆ ತೂತು ಮಾಡಿದ್ರೆ ಅಂದ ಕೆಡುತ್ತಂತೆ."

"ಎಷ್ಟು ದೊಡ್ಡ ತೂತು ಮಗಳೇ? ಒಂದು ಕಡಲೆಕಾಳಿನಷ್ಟು."

"ನಾನೂ ಅದನ್ನೇ ಹೇಳಿದೆ. ಕಡಲ ಕಡೆಗೆ ಬಾಲ್ಕನಿ ಒಂದು ಮೀಟರ್ ಜಾಸ್ತಿ ಕೊಡ್ತೀವಿ, ತೂತು ಮಾತ್ರ ಆಗಲ್ಲ ಅಂದ್ರು."

"ಬಾಲ್ಕನಿಯಿಂದ ಹಿಟ್ಟು ಕಲಸೋಕಾಗುತ್ತಾ?"

"ಅಡುಗೆಮನೆಗೆ ಇಟಲಿಯ ಅಮೃತಶಿಲೆ?"

"ಅದರಿಂದ?"

ಶಕೇದ್ ಕಾಗದಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕೂತಳು. ಆಮೇಲೆ, "ಈ ಕೆಲಸಕ್ಕೆ ಸೇರಿ ಐದು ವರ್ಷ ಆಯ್ತು. ಸ್ನಾನದ ಮನೆಗೆ ಚಿನ್ನದ ನಲ್ಲಿ ಕೇಳಿದೋರಿದಾರೆ. ನಾಯಿಗೆ ಬೇರೆ ಕೋಣೆ ಕೇಳಿದೋರಿದಾರೆ. ತೂತು ಕೇಳಿದೋರು ನೀವೊಬ್ರೇ" ಎಂದಳು. ನಗುತ್ತಲೇ ಹೇಳಿದರೂ ಅವಳ ಕಣ್ಣಿನಲ್ಲಿ ಆತಂಕವಿತ್ತು. "ಬುಧವಾರ ಸಂಜೆ ಬರ್ತೀನಿ ಅಜ್ಜ. ಅದೇ ಕೊನೆ. ಆಮೇಲೆ ವಿಷಯ ವಕೀಲರ ಕೈಗೆ ಹೋಗುತ್ತೆ. ದಯವಿಟ್ಟು ಹಾಗೆ ಮಾಡ್ಬೇಡಿ."

"ಬಾ. ಬಸೀಸಾ ತಿಂದು ಹೋಗು" ಎಂದ ಖಮೂಸ.

ಬಾ ಎಂದೇನೋ ಕರೆದ. ಬಸೀಸಾ ಮಾಡುವವರು ಯಾರು? ಐವತ್ತೊಂದು ವರ್ಷದಲ್ಲಿ ಅವನು ಮಾಡಿದ್ದು ಎಣ್ಣೆ ಹೊಯ್ಯುವ ಕೆಲಸವೊಂದನ್ನೇ. ತಿಕ್ವಾ ತಾನು ಮಾಡಿ ತರುತ್ತೇನೆಂದಳು. ಅವನು ಕೇಳಲಿಲ್ಲ. ಈ ಮನೆಯ ಒಲೆಯ ಮೇಲೆ ಇನ್ನೊಂದು ಸಲ ಕಾಳು ಹುರಿಯಬೇಕು ಎಂದು ಹಟ ಹಿಡಿದು, ಮಂಗಳವಾರ ಮಾರುಕಟ್ಟೆಯಿಂದ ಎಲ್ಲವನ್ನೂ ತಂದು, ಬಾಣಲೆಯಿಟ್ಟು, ಮಗಳಿಗೆ ಫೋನ್ ಮಾಡಿದ.

"ಗೋಧಿ ಎಷ್ಟು?"

"ಅಮ್ಮ ಏಳು ಮುಷ್ಟಿ ಹಾಕ್ತಿದ್ರು."

"ಬಾರ್ಲಿ?"

"ಮೂರು ಮುಷ್ಟಿ. ಕೊತ್ತಂಬರಿ ಬೀಜ ಒಂದೂವರೆ. ಅಪ್ಪಾ, ಉರಿ ಸಣ್ಣಗಿರಲಿ. ಕೇಳಿಸ್ತಾ? ಸಣ್ಣಗೆ!"

ಉರಿ ಸಣ್ಣಗಿರಲಿಲ್ಲ. ಮೊದಲ ಬಾಣಲೆ ಕರಿಯಾಗಿ ಹೊಗೆ ತುಂಬಿತು. ಫೈನಾ ಒದ್ದೆ ಟವೆಲು ಹಿಡಿದು ನುಗ್ಗಿ ಬಂದಳು.

"ನಾಡಿದ್ದು ಯಂತ್ರ ಬಂದು ಕೆಡವುತ್ತೆ, ಅಲ್ಲೀವರೆಗೂ ತಡೆಯೋಕಾಗಲ್ವೇನ್ರೀ? ಇವತ್ತೇ ಸುಡ್ಬೇಕಾ?"

ಅವಳು ಬೈಯುತ್ತಲೇ ಸೌಟು ಕಿತ್ತುಕೊಂಡಳು. ಎರಡನೆಯ ಬಾಣಲೆ ಹೊಂಬಣ್ಣಕ್ಕೆ ತಿರುಗಿತು. ಹುರಿದ ಗೋಧಿಯ ವಾಸನೆ ಬರಿಯ ಮನೆಗಳ ತೆರೆದ ಬಾಗಿಲುಗಳೊಳಗೆಲ್ಲ ತಿರುಗಾಡಿತು. ಬೀಸುವ ಹೊತ್ತಿಗೆ ಏನೋ ಎಡವಟ್ಟಾದದ್ದು ಗೊತ್ತಾಯಿತು. ಗಜಾಲಾ ಪ್ರತಿ ವರ್ಷ ಹಿಟ್ಟನ್ನು ತುಂಬಿಡುತ್ತಿದ್ದ ಡಬ್ಬ ತುಂಬಿ, ಇನ್ನೊಂದು ಪಾತ್ರೆ ತುಂಬಿ, ಆಮೇಲೆ ಫೈನಾಳ ದೊಡ್ಡ ಬೋಗುಣಿಯೂ ತುಂಬಿತು.

"ಇಷ್ಟೊಂದು ಹೇಗಾಯ್ತು?" ಎಂದಳು ಫೈನಾ. "ಒಂದು ಹಡಗಿಗೆ ಬೇಕಾದಷ್ಟಿದೆ."

ಖಮೂಸ ತನ್ನ ಮುಷ್ಟಿ ಬಿಡಿಸಿ ನೋಡಿಕೊಂಡ. ಅವನು ನಲವತ್ತು ವರ್ಷ ಬೆಸುಗೆ ಕೆಲಸ ಮಾಡಿದವನು. ಗುದ್ದಲಿಯಂಥ ಕೈ. ಏಳು ಮುಷ್ಟಿ ಎಂದರೆ ಗಜಾಲಾಳ ಏಳು ಮುಷ್ಟಿ. ಅವಳ ಮುಷ್ಟಿ ಎಷ್ಟಿತ್ತು? ಒಂದು ನಿಂಬೆಹಣ್ಣು ಹಿಡಿದರೆ ಬೆರಳುಗಳು ಕೂಡುತ್ತಿರಲಿಲ್ಲ. ಅವನ ಅಂಗೈಯಲ್ಲಿ ಆ ಮುಷ್ಟಿ ಮುಚ್ಚಿಹೋಗುತ್ತಿತ್ತು. ಅವನು ಕೈಯನ್ನು ಮೆಲ್ಲಗೆ, ಅಷ್ಟೇ ಚಿಕ್ಕದಾಗುವಂತೆ ಮಡಿಸಲು ನೋಡಿದ. ಆಗಲಿಲ್ಲ.

ಫೈನಾ ನೋಡಿದಳು. ನೋಡಿಯೂ ನೋಡದವಳಂತೆ ಸೌಟು ತೊಳೆಯಲು ತಿರುಗಿದಳು. "ಇಷ್ಟನ್ನು ನಾವಿಬ್ಬರೇ ತಿಂದರೆ ಯಂತ್ರ ಬರೋ ಅಗತ್ಯಾನೇ ಇರಲ್ಲ, ಕಟ್ಟಡ ನಮ್ಮ ಭಾರಕ್ಕೇ ಬೀಳುತ್ತೆ. ಎಲ್ಲರನ್ನೂ ಕರೀತೀನಿ" ಎಂದು ಫೋನು ತೆಗೆದಳು.

ಬುಧವಾರ ಸಂಜೆಯ ಪ್ರಾರ್ಥನೆ ಮುಗಿಸಿ ಖಮೂಸ ಹಿಂತಿರುಗುವಾಗ ಕಡಲ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಫೈನಾ ಮೇಣದಬತ್ತಿ ಹಚ್ಚಿಟ್ಟಿದ್ದಳು. ಮೇಲೆ ಗದ್ದಲ ಕೇಳಿಸುತ್ತಿತ್ತು. ಬಿಟ್ಟುಹೋದವರೆಲ್ಲ ಬಂದಿದ್ದರು. ಕೆಲವರು ನೆಲದ ಮೇಲೆ, ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಗೊಂಡಾರಿನ ಕುಟುಂಬ ತಮ್ಮದೇ ಕಾಫಿ ಕಾಯಿಸಿ ತಂದಿತ್ತು. ರಹಮೀನ್ ಮತ್ತು ಅವನ ಮಕ್ಕಳು ಮಲ್ಕಾಳನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತು ತಂದಿದ್ದರು.

"ಮದುವೆ ದಿನ ಕೂಡ ನನ್ನನ್ನ ಇಷ್ಟು ಎತ್ತರಕ್ಕೆ ಎತ್ತಿರಲಿಲ್ಲ" ಎಂದು ಮುದುಕಿ ಹಲ್ಲಿಲ್ಲದ ಬಾಯಿಯಿಂದ ನಗುತ್ತಿದ್ದಳು.

ಶಕೇದ್ ಬಟ್ಟೆಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಕೂರು ಎಂದರೂ ಕೂರಲಿಲ್ಲ.

ತಿಕ್ವಾ ಬೋಗುಣಿಯನ್ನು ಮಧ್ಯದಲ್ಲಿಟ್ಟಳು. ಖಮೂಸ ಒಳಜೇಬಿನಿಂದ ಬೀಗದ ಕೈ ತೆಗೆದ. ಅವನ ಕೈ ಅಲ್ಲೇ ನಿಂತಿತು.

"ಶುರು ಮಾಡಪ್ಪ" ಎಂದ ರಹಮೀನ್. "ಆಮೇಲೆ ಅದನ್ನ ಆ ಹುಡುಗಿಗೆ ಕೊಡು."

"ಕೊಡಲ್ಲ."

ಕಾಫಿ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟರು.

"ಬೀಗದ ಕೈಯೇ ಇಲ್ಲದ ಮನೆಗೆ ಬರಕತ್ತು ಎಲ್ಲಿಂದ ಬರುತ್ತೆ?" ಎಂದ ಖಮೂಸ. "ಗಾಜಿನ ಮನೆ ಕೊಡ್ತಾರೆ, ಅಮೃತಶಿಲೆ ಕೊಡ್ತಾರೆ. ನಿಸಾನ್ ಸಂಜೆ ನಾನು ಯಾವುದನ್ನ ಹಿಟ್ಟಿಗೆ ಹಾಕ್ಲಿ? ಬೀಗದ ಕೈಯಿಲ್ಲದೆ ಬಸೀಸಾ ಆಗಲ್ಲ. ಯಾವತ್ತೂ ಆಗಿಲ್ಲ."

"ಡೇರೆಗೆ ಬಾಗಿಲಿತ್ತೇನ್ರೀ?" ಎಂದಳು ಫೈನಾ.

ಎಲ್ಲರೂ ಅವಳತ್ತ ತಿರುಗಿದರು. ಅವಳು ಗೋಡೆಗೆ ಒರಗಿ, ತೋಳು ಕಟ್ಟಿಕೊಂಡು ನಿಂತಿದ್ದಳು.

"ಮೂವತ್ತು ವರ್ಷದಿಂದ ಪ್ರತಿ ನಿಸಾನ್‌ಗೂ ನನಗೆ ಒಂದು ತಟ್ಟೆ ಬಸೀಸಾ ತಂದುಕೊಡ್ತೀರಿ. ಪ್ರತಿ ಸಲಾನೂ ಅದೇ ಕಥೆ ಹೇಳ್ತೀರಿ. ನನಗೆ ಬಾಯಿಪಾಠ ಆಗಿದೆ. ಹಡಗಿನಿಂದ ಇಳಿದ್ರಿ, ಡೇರೆಗಳ ಶಿಬಿರಕ್ಕೆ ಹಾಕಿದ್ರು, ನಿಮಗೆ ಆಗ ಐದು ವರ್ಷ. ನಿಸಾನ್ ಬಂತು. ಟ್ರಿಪೋಲಿಯ ಮನೆ ಬೀಗದ ಕೈಯನ್ನ ಅಲ್ಲೇ ಪಕ್ಕದ ಮನೆಯೋರಿಗೆ ಕೊಟ್ಟು ಬಂದಿದ್ರಿ. ಡೇರೆಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಆಗ ನಿಮ್ಮಮ್ಮ ಯಾವುದರಿಂದ ಕಲಸಿದ್ರು? ಹೇಳ್ರೀ, ಎಲ್ಲರ ಮುಂದೆ ಹೇಳಿ."

ಹೇಳಿದವಳು ಮಲ್ಕಾ.

"ಸಾರ್ಡೀನ್ ಡಬ್ಬಿಯ ಕೀಲಿಯಿಂದ!" ಎಂದು ಅವಳು ಕೈ ತಟ್ಟಿದಳು. "ಆಗ ಮೀನಿನ ಡಬ್ಬಿ ಜೊತೆ ಒಂದು ತಂತಿಯ ಕೀಲಿ ಕೊಡ್ತಿದ್ರು, ತಗಡು ಸುತ್ತಿ ತೆಗೆಯೋಕೆ. ನಾನೂ ಅಲ್ಲೇ ಇದ್ದೆ, ನನಗೂ ಬೆರಳು ಅದ್ದೋಕೆ ಕರೆದಿದ್ರು. ಇವನಮ್ಮ ಮಸೂದಾ ಹೇಳಿದ್ಲು, ಈ ನಾಡಿಗೆ ಬಂದಮೇಲೆ ನಮಗೋಸ್ಕರ ತೆರೆದಿದ್ದು ಇದೊಂದೇ, ಇದರಿಂದಲೇ ಕಲಸ್ತೀನಿ ಅಂತ. ಅಯ್ಯೋ, ಬಸೀಸಾಕ್ಕೆಲ್ಲ ಮೀನಿನ ವಾಸನೆ! ಎಷ್ಟು ತೊಳೆದರೂ ಹೋಗಿರಲಿಲ್ಲ."

"ಆದರೂ ತಿಂದ್ರಾ ಅಜ್ಜಿ?" ಎಂದು ಶಕೇದ್ ಬಾಗಿಲಿನಿಂದ ಕೇಳಿದಳು.

"ಬೆರಳು ನೆಕ್ಕಿದ್ವಿ! ಆ ವರ್ಷ ನನಗೆ ಮದುವೆ ಆಯ್ತು, ಮುಂದಿನ ವರ್ಷ ಚೊಚ್ಚಲ ಮಗ. ಮೀನಿನವರಿಗೇ ಕೊಟ್ಟರು ನನ್ನ!"

ನಗು ಉಕ್ಕಿತು. ರಹಮೀನ್ ಕೂಡ ನಕ್ಕ. ಖಮೂಸನೂ ನಗಲು ಹೋದ. ನಗು ಅರ್ಧಕ್ಕೇ ನಿಂತು, ಅವನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ. ನಗು ಅಡಗುವ ತನಕ ಯಾರೂ ಗಮನಿಸಲಿಲ್ಲ.

"ನನಗೆ ತೂತು ಬೇಕಾಗಿರಲಿಲ್ಲ" ಎಂದ ಅವನು, ಯಾರನ್ನೂ ನೋಡದೆ. "ತೂತು ಕೊಟ್ಟಿದ್ದರೆ ಇನ್ನೇನಾದರೂ ಕೇಳ್ತಿದ್ದೆ. ಈ ಬೀಗದ ಕೈ ಹಿಡಿಯೋ ಜಾಗ ನೋಡಿ, ನುಣ್ಣಗಾಗಿದೆ. ಅವಳ ಹೆಬ್ಬೆರಳು ಅಲ್ಲಿರ್ತಿತ್ತು. ಇದನ್ನ ಕೊಟ್ಟರೆ ಅವಳು ಹಿಡಿದಿದ್ದು ಅನ್ನೋದು ನನ್ನ ಹತ್ತಿರ ಏನೂ ಉಳಿಯಲ್ಲ."

ಹೆಂಗಸರು ಕಣ್ಣೊರೆಸಿಕೊಂಡರು. ಫೈನಾ ಮಾತ್ರ ಗೋಡೆ ಬಿಟ್ಟು ಮುಂದೆ ಬಂದು ಅವನ ಎದುರು ನಿಂತಳು.

"ಐವತ್ತೊಂದು ವರ್ಷ ನಿಮ್ಮನ್ನೂ ಹಿಡಿದಿದ್ದಳಲ್ರೀ. ನಿಮ್ಮನ್ನೇನು ಕಂಪನಿಯವರು ಕೇಳಿಲ್ಲ."

ಖಮೂಸ ಅವಳ ಮುಖ ನೋಡಿದ. ಆಮೇಲೆ ತನ್ನ ದೊಡ್ಡ, ಸುಟ್ಟ ಗುರುತಿನ ಕೈಗಳನ್ನು ನೋಡಿಕೊಂಡ. ಶವಸಂಸ್ಕಾರದ ದಿನದಿಂದ ಹಿಡಿದಿಟ್ಟಿದ್ದ ಉಸಿರೊಂದನ್ನು ಹೊರಬಿಟ್ಟ.

"ತಿಕ್ವಾ, ಎಣ್ಣೆ ನೀನು ಹೊಯ್ಯಿ" ಎಂದ.

ಎಣ್ಣೆಯ ಧಾರೆ ತೆಳ್ಳಗೆ ಇಳಿಯಿತು. ಅವನು ಬೀಗದ ಕೈಯನ್ನು ಹಿಟ್ಟಿನಲ್ಲಿ ಊರಿ ಕಲಸತೊಡಗಿದ. ಹೆಬ್ಬೆರಳನ್ನು ಆ ನುಣುಪಾದ ಜಾಗದಲ್ಲೇ ಇಟ್ಟಿದ್ದ. ಬೆರಳುಗಳು ಬಂದವು. ಟ್ರಿಪೋಲಿಯ ಬೆರಳು, ಗೊಂಡಾರಿನ ಬೆರಳು, ಕ್ರೇನ್ ನಡೆಸಿದ ದಪ್ಪ ಬೆರಳು, ಕಡೆಗೆ ಬಾಗಿಲ ಬಳಿಯಿಂದ ಬಂದ ಬಣ್ಣ ಹಚ್ಚಿದ ಉಗುರಿನದೊಂದು. ಬಾಲ್ಯದಿಂದ ಬಾಯಿಗೆ ಬಂದಿದ್ದ ಪ್ರಾರ್ಥನೆಯನ್ನು ಅವನು ಟ್ರಿಪೋಲಿಯ ಅರಬ್ಬಿಯಲ್ಲಿ ಶುರುಮಾಡಿದ: ಬೀಗದ ಕೈಯಿಲ್ಲದೆ ತೆರೆಯುವವನೇ...

ಅಲ್ಲಿಗೇ ನಿಂತ. ಎಪ್ಪತ್ತಕ್ಕೂ ಹೆಚ್ಚು ಸಲ ಹೇಳಿದ ಮಾತು. ತಾನೇನು ಹೇಳುತ್ತಿದ್ದೇನೆಂದು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ಫೆಬ್ರವರಿಯಿಂದ ಕಂಪನಿಯವರೊಂದಿಗೆ ಯಾವ ವಿಷಯಕ್ಕೆ ಕಾದಾಡುತ್ತಿದ್ದನೋ, ದೇವರಿಗೆ ಅದರ ಅಗತ್ಯವೇ ಇಲ್ಲವೆಂದು ಅಷ್ಟು ವರ್ಷವೂ ತನ್ನ ಬಾಯಿಂದಲೇ ಹೇಳುತ್ತ ಬಂದಿದ್ದ. ಅವನಿಗೆ ನಾಚಿಕೆಯೂ ಆಯಿತು, ಯಾರೋ ಬೆನ್ನು ತಟ್ಟಿದಂತೆಯೂ ಆಯಿತು.

"ಏನಾಯ್ತಪ್ಪಾ? ಮರೆತುಹೋಯ್ತಾ?" ಎಂದಳು ತಿಕ್ವಾ.

"ಇಲ್ಲ ಮಗಳೇ. ಈಗ ನೆನಪಾಯ್ತು" ಎಂದು ಅವನು ಪ್ರಾರ್ಥನೆ ಮುಗಿಸಿದ.

ಕೊತ್ತಂಬರಿ ಹೆಚ್ಚಾಗಿತ್ತು, ಸಕ್ಕರೆ ಸಾಲದಾಗಿತ್ತು. ಗಜಾಲಾಳ ಬಸೀಸಾದ ಹತ್ತಿರಕ್ಕೂ ಅದು ಸುಳಿಯುವಂತಿರಲಿಲ್ಲ. ಆದರೆ ಬೋಗುಣಿ ಬರಿದಾಯಿತು. "ಮೀನಿನ ವಾಸನೆ ಒಂದು ಕಡಿಮೆ" ಎಂದಳು ಮಲ್ಕಾ.

ಜನ ಚದುರಿದ ಮೇಲೆ ಖಮೂಸ ಶಕೇದಳ ಮುಂದೆ ಬಂದು ನಿಂತ. ಬೀಗದ ಕೈಯ ಹಲ್ಲುಗಳ ನಡುವೆ ಎಣ್ಣೆ ಹಿಟ್ಟು ಮೆತ್ತಿಕೊಂಡಿತ್ತು. ಫೈನಾ ತನ್ನದನ್ನು ಆಗಲೇ ಕೊಟ್ಟಿದ್ದಳು.

"ಒರೆಸಿ ಕೊಡಿ ಅಜ್ಜ. ಚೀಲ ಎಣ್ಣೆಯಾಗುತ್ತೆ."

"ಆಗಲಿ ಬಿಡು ಮಗಳೇ" ಎಂದ. ಕೊಡುವ ಮೊದಲು ಆ ನುಣುಪು ಜಾಗದ ಮೇಲೆ ಹೆಬ್ಬೆರಳನ್ನು ಒಮ್ಮೆ ಒತ್ತಿ ಹಿಡಿದು, ಚೀಲದೊಳಗೆ ಬಿಟ್ಟ. ಅದು ಇಪ್ಪತ್ತಮೂರು ತುಕ್ಕು ಹಿಡಿದ ಬೀಗದ ಕೈಗಳ ಮೇಲೆ ಬಿದ್ದು, ಅವುಗಳ ನಡುವೆ ಜಾರಿ ತಳ ಸೇರಿತು. ಎಣ್ಣೆ ಎಲ್ಲಕ್ಕೂ ಅಷ್ಟಿಷ್ಟು ತಾಗಿತು. ಶಕೇದ್ ಕಾಗದದ ಮೇಲೆ ಗುರುತು ಹಾಕಿದಳು. ಬಗ್ಗಿ ಅವನ ಕೈಗೆ ಮುತ್ತಿಟ್ಟು ಮೆಟ್ಟಿಲಿಳಿದಳು.

ಹಾಸಿಗೆಯನ್ನೂ ಒಲೆಯನ್ನೂ ರಹಮೀನನ ಮಕ್ಕಳು ಒಯ್ದರು. ಖಮೂಸ ಕಡೆಯವನಾಗಿ ಹೊರಗೆ ಬಂದು, ರೂಢಿಯಂತೆ ಬಾಗಿಲೆಳೆದುಕೊಂಡು ಕೈಯನ್ನು ಒಳಜೇಬಿಗೆ ಹಾಕಿದ. ಜೇಬು ಬರಿದಾಗಿತ್ತು. ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಬೀಸಿ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಅವನು ಮತ್ತೆ ಎಳೆಯಲು ಹೋಗಲಿಲ್ಲ. ಹಾಗೇ ಬಿಟ್ಟ.

"ಬರ್ತೀರೇನ್ರೀ, ಇಲ್ವಾ?" ಕೆಳಗಿನಿಂದ ಫೈನಾಳ ದನಿ ಕೇಳಿತು. "ಕಾರಲ್ಲಿ ಹತ್ತು ಪೆಟ್ಟಿಗೆ ಹಿಡಿದು ಕೂತಿದೀನಿ, ಕಾಲು ಜೋಮು ಹಿಡೀತು!"

"ಕೆಟ್ಟಿದ್ದ ಕಾರು ಸರಿಹೋಯ್ತಾ?" ಎಂದು ಕೂಗಿ ಕೇಳಿ, ಖಮೂಸ ಮೇಣದಬತ್ತಿಗಳನ್ನು ಒಂದೊಂದಾಗಿ ಊದಿ ಆರಿಸುತ್ತ ಮೆಟ್ಟಿಲಿಳಿದ.